ಕತ್ತಿಲ್ಲದ ಅಂಗಿಗಳು

ಮಧ್ಯಾಹ್ನದ ಹೊತ್ತು. ಮಗು ತೊಟ್ಟಿಲಲ್ಲಿ ನಿದ್ದೆಹೋಗಿತ್ತು. ಸೊಸೆ ಕಿಟಕಿಯ ಪಕ್ಕ ಹೊಲಿಗೆ ಯಂತ್ರ ತುಳಿಯುತ್ತಿದ್ದಳು. ಗಂಡನ ಕಾರ್ಖಾನೆ ಮುಚ್ಚಿದ ಮೇಲೆ ಮನೆ ನಡೆಯುತ್ತಿದ್ದುದು ಇದರಿಂದಲೇ. ಹೆರಿಗೆಯಾದ ಹಸಿ ಮೈಯಲ್ಲೇ ಅವಳು ಮತ್ತೆ ಇದರ ಮುಂದೆ ಕೂತಿದ್ದಳು. ಅಡುಗೆ, ಬಟ್ಟೆ, ರಾತ್ರಿಯ ಅಳು, ಎಲ್ಲವೂ ಅವಳ ಪಾಲಿನವೇ.

ಕತ್ತರಿಸಿದ ಬಟ್ಟೆ ತಂದುಕೊಟ್ಟು ಹೊಲಿಸಿಕೊಂಡು ಹೋಗುವ ಹೆಂಗಸು ನಿನ್ನೆ ಒಯ್ದಿದ್ದ ಅಂಗಿಗಳ ಚೀಲ ಹೊತ್ತು ಒಳಗೆ ಬಂದಳು.

"ಏನಕ್ಕಾ, ತಲೆ ಇಲ್ದಿರೋ ಮಕ್ಕಳಿಗೆ ಹೊಲಿದಿದ್ದೀಯಾ?" ಎಂದು ನಗುತ್ತ ಒಂದು ಪುಟ್ಟ ಅಂಗಿ ಬಿಡಿಸಿ ಹಿಡಿದಳು.

ಕತ್ತಿನ ಜಾಗ ಮುಚ್ಚಿತ್ತು. ಒತ್ತಾದ, ಅಚ್ಚುಕಟ್ಟಾದ ಹೊಲಿಗೆ. ಚೀಲದಲ್ಲಿದ್ದ ಅಂಗಿಗಳೆಲ್ಲ ಹಾಗೆಯೇ.

"ನಿದ್ದೆಗಣ್ಣಲ್ಲಿ ಹೊಲಿದಿರ್ತಾಳೆ ಬಿಡು," ಎಂದಳು ಅತ್ತೆ. "ನಾವೂ ಹೆತ್ತಿಲ್ವಾ? ಈಗಿನವರಿಗೆ ಮುಟ್ಟಿದ್ದಕ್ಕೆಲ್ಲ ಸುಸ್ತು."

"ನೆಟ್ಟಗೆ ನೋಡ್ಕೊಂಡು ಹೊಲಿಯೋಕಾಗಲ್ವೇನೇ ನಿಂಗೆ?" ಗಂಡ ಬಾಗಿಲಲ್ಲೇ ನಿಂತು ಗದರಿದ.

ಸೊಸೆ ತಲೆಯೆತ್ತಲಿಲ್ಲ. ಯಂತ್ರ ನಿಲ್ಲಲಿಲ್ಲ. ಅತ್ತೆ ಹತ್ತಿರ ಹೋಗಿ ಬಗ್ಗಿ ನೋಡಿದಳು. ಸೂಜಿಯ ಕೆಳಗಿದ್ದದ್ದು ಆ ಹೆಂಗಸು ಕೊಟ್ಟ ಬಟ್ಟೆಯಲ್ಲ. ಆಗಷ್ಟೇ ಮಗುವಿನ ಮೈಯಿಂದ ಬಿಚ್ಚಿದ ಅಂಗಿ. ಅದರ ಮೇಲಿನ ಹಾಲಿನ ಕಲೆ ಇನ್ನೂ ಹಸಿಯಾಗಿತ್ತು.

"ಇದನ್ಯಾಕೆ ಮುಚ್ತಿದ್ದೀಯೇ ತಾಯಿ?"

"ಅಳು ಹೊರಗೆ ಬರ್ಬಾರ್ದಲ್ಲ ಅತ್ತೆ." ಅವಳ ದನಿಯಲ್ಲಿ ಏರಿಳಿತವೇ ಇರಲಿಲ್ಲ. "ಎಷ್ಟೊತ್ತಿಂದ ಅಳ್ತಿದೆ ನೋಡಿ."

ತೊಟ್ಟಿಲಿನಿಂದ ಮಗುವಿನ ಉಸಿರಾಟ ಬಿಟ್ಟರೆ ಬೇರೆ ಸದ್ದಿರಲಿಲ್ಲ.

ಬಟ್ಟೆಯ ಹೆಂಗಸು ಚೀಲ ಕೆಳಗಿಟ್ಟಳು. "ನನ್ನ ತಂಗಿಗೂ ಹೆರಿಗೆ ಆದ್ಮೇಲೆ ಹಿಂಗೇ ಆಗಿತ್ತಮ್ಮ. ಕಾಯಿಲೆ ಅದು, ಸೋಮಾರಿತನ ಅಲ್ಲ. ಡಾಕ್ಟರು ವಾಸಿ ಮಾಡಿದ್ರು. ಈಗ್ಲೇ ಕರ್ಕೊಂಡು ಹೋಗಿ. ಇವಳನ್ನೂ ಮಗೂನೂ ಒಂಟಿಯಾಗಿ ಬಿಡ್ಬೇಡಿ."

"ಬೀದಿಯವರಿಗೆ ಗೊತ್ತಾದ್ರೆ ಹುಚ್ಚಿ ಅಂತಾರೆ," ಎಂದ ಗಂಡ, ಮೆಲ್ಲಗೆ.

ಅತ್ತೆ ಮಗುವನ್ನು ಎತ್ತಿ ಮಗನ ತೋಳಿಗೆ ಹಾಕಿದಳು. "ಹಿಡ್ಕೋ. ಅತ್ರೆ ನೀನೇ ಎತ್ಕೊಂಡು ತಿರುಗು."

"ಹೊಲಿಯೋದು ಬಾಕಿ ಇದೆ ಅತ್ತೆ," ಎಂದಳು ಸೊಸೆ.

"ಇರ್ಲಿ ಬಾ," ಎಂದು ಅತ್ತೆ ಅವಳ ಕೈ ಹಿಡಿದು ಎಬ್ಬಿಸಿದಳು.

ಬೀದಿಗೆ ಇಳಿಯುತ್ತಿದ್ದಂತೆ ಎದುರುಮನೆಯಾಕೆ ಇಣುಕಿದಳು. "ಅತ್ತೆ ಸೊಸೆ ಸವಾರಿ ಎಲ್ಲಿಗೋ?"

"ಆಸ್ಪತ್ರೆಗೆ."

"ಯಾಕೆ, ಜ್ವರಾನಾ?"

ಸೊಸೆ ಕೈ ಬಿಡಿಸಿಕೊಳ್ಳಲು ನೋಡಿದಳು. ಅತ್ತೆ ಇನ್ನಷ್ಟು ಬಿಗಿಯಾಗಿ ಹಿಡಿದಳು.

"ಜ್ವರ ಅಲ್ಲ ಕಣಮ್ಮ. ಮನಸ್ಸಿಗೆ ಹುಷಾರಿಲ್ಲ," ಎಂದಳು, ಇಡೀ ಬೀದಿಗೆ ಕೇಳುವ ಹಾಗೆ.