ಆರಡಿ ಏಳಿಂಚಿನ ದೇವಪ್ಪ

ದೇವಪ್ಪನ ಕಾಲು ಸಿಕ್ಕಿದ್ದವು. ಮೊಣಕಾಲಿಗೆ ಸುತ್ತಿದ ನೀಲಿ ಪಟ್ಟಿ, ಎದೆ, ಮೊರದಷ್ಟು ಅಗಲದ ಅಂಗೈ, ಎಲ್ಲಾ ಸಿಕ್ಕಿತ್ತು. ತಲೆ ಮಾತ್ರ ಸಿಕ್ಕಿರಲಿಲ್ಲ.

ಮ್ಹಾಪಸಾ ಪೇಟೆಯ ಫ್ಲೆಕ್ಸ್ ಅಂಗಡಿಯಲ್ಲಿ ಕಂಪ್ಯೂಟರಿನ ಮುಂದೆ ಕೂತ ದ್ರಾಕ್ಷಾಯಿಣಿ ಬೆಳಗಿನಿಂದ ನೂರಾ ಹದಿನೆಂಟು ಫೋಟೋ ನೋಡಿ ಮುಗಿಸಿದ್ದಳು. ಎಲ್ಲಾ ಚಿಂಬಲ್ ಗುಡ್ಡದ ಜನ ವಾಟ್ಸಾಪಿನಲ್ಲಿ ಕಳಿಸಿದವು. ಒಂದೊಂದರಲ್ಲೂ ಒಬ್ಬೊಬ್ಬ ಅಭಿಮಾನಿ ಹಲ್ಲು ತೆರೆದು ನಿಂತಿದ್ದ, ಪಕ್ಕದಲ್ಲಿ ಬಾಸ್ಕೆಟ್‌ಬಾಲ್ ದೇವಪ್ಪ ನಿಂತಿದ್ದ. ಅಭಿಮಾನಿಯ ಮುಖ ಪೂರಾ ಬಂದಿತ್ತು, ದೇವಪ್ಪ ಬಂದದ್ದು ಹೆಚ್ಚಿನವುಗಳಲ್ಲಿ ಗಂಟಲಿನ ತನಕ. ಫೋಟೋ ತೆಗೆದವನಿಗೆ ತನ್ನ ಗೆಳೆಯನ ಮುಖ ಬಂದರೆ ಸಾಕಾಗಿತ್ತು. ದೇವಪ್ಪನ ತಲೆ ಬಂದ ಫೋಟೋಗಳೂ ಕೆಲವು ಇದ್ದವು. ಅವುಗಳಲ್ಲಿ ಆತ ಯಾರದೋ ಹೆಗಲ ಮೇಲೆ ಕೈಯಿಟ್ಟು, ಮೊಣಕಾಲು ಮಡಚಿ, ಬಾವಿಯೊಳಗೆ ಇಣುಕಿದವನ ಹಾಗೆ ಬಗ್ಗಿದ್ದ.

"ಇದೇನ ಅಭಿಮಾನಾನೋ ಏನ ಶನಿಯೋ," ಅಂತ ಆಕೆ ಮೌಸನ್ನು ಕುಕ್ಕಿದಳು.

"ಮೌಸ್ ನಂದವಾ, ಶನಿ ಅವರದು," ಅಂದ ಅಂಗಡಿಯ ಮಾಲೀಕ ರಾಜಮಹ್ಮದ, ತಲೆ ಎತ್ತದೆ.

ದೇವಪ್ಪ ಸತ್ತು ಒಂಬತ್ತು ದಿನವಾಗಿತ್ತು. ಗಾರೆ ಹೊರುವವರ ಮಗ, ಬಂದರಿನ ಟೀಮಿಗೆ ಆಡಿ, ಅಲ್ಲಿಂದ ದೇಶದ ಟೀಮಿಗೆ ಹೋಗಿ, ಮೊಣಕಾಲು ಸೋತ ಮೇಲೆ ಮತ್ತೆ ಚಿಂಬಲ್ಲಿನ ಅದೇ ಓಣಿಗೆ ಬಂದು ಇದ್ದವನು. ಐವತ್ತನಾಲ್ಕಕ್ಕೆ ಎದೆ ನಿಂತುಹೋಯಿತು. ಬರುವ ರವಿವಾರ ಗುಡ್ಡದ ಮೈದಾನದಲ್ಲಿ ಶೋಕಸಭೆ. ಹತ್ತಡಿ ಅಗಲ, ಎಂಟಡಿ ಎತ್ತರದ ಫ್ಲೆಕ್ಸಿನ ಕೆಲಸ ದ್ರಾಕ್ಷಾಯಿಣಿಯ ಪಾಲಿಗೆ ಬಂದಿತ್ತು. ಬಂದ ಕ್ಷಣವೇ ಆಕೆ ಮನಸ್ಸಿನಲ್ಲಿ ಅಳತೆ ಹಾಕಿದ್ದಳು: ಎಂಟಡಿಯೊಳಗೆ ಆರಡಿ ಏಳಿಂಚಿನ ಮನುಷ್ಯ ಸಲೀಸಾಗಿ ನಿಲ್ಲುತ್ತಾನೆ. ಒಂದಿಂಚೂ ಕಮ್ಮಿಯಿಲ್ಲದೆ, ಅಂಗಾಲಿನಿಂದ ನೆತ್ತಿಯವರೆಗೆ, ಕುತ್ತಿಗೆ ನೆಟ್ಟಗೆ ಇಟ್ಟುಕೊಂಡು. ಅದೊಂದೇ ಆಕೆಯ ಹಟ.

ಯಾಕೆಂದರೆ ದೇವಪ್ಪ ನೆಟ್ಟಗೆ ನಿಂತದ್ದನ್ನು ಓಣಿ ನೋಡಿಯೇ ಇರಲಿಲ್ಲ. ತಗಡಿನ ಮನೆಗಳ ಬಾಗಿಲು ಐದೂವರೆ ಅಡಿ. ಚಾ ಕುಡಿಯಲು ಯಾರು ಕರೆದರೂ ಬಗ್ಗಿಯೇ ಒಳಗೆ ಬರಬೇಕು, ಬಗ್ಗಿಯೇ ಹೊರಗೆ ಹೋಗಬೇಕು. ಪಣಜಿಯ ಬಸ್ಸಿನಲ್ಲಿ ಕುತ್ತಿಗೆ ಓರೆ ಮಾಡಿ ನಿಲ್ಲುತ್ತಿದ್ದ. ಆತ ಪೂರಾ ಎದ್ದು ನಿಲ್ಲುತ್ತಿದ್ದದ್ದು ಮೈದಾನದಲ್ಲಿ ಮಾತ್ರ. ಆಗ ದ್ರಾಕ್ಷಾಯಿಣಿಯ ಅಜ್ಜಿ ಫಕೀರವ್ವನ ಕಥೆ ಖರೆ ಆಗುತ್ತಿತ್ತು.

ಫಕೀರವ್ವನ ಕಥೆಯಲ್ಲಿ ಮುಗಿಲು ಮೊದಲು ಬಹಳ ಕೆಳಗಿತ್ತು. ಒಬ್ಬ ಮುದುಕಿ ಅಂಗಳ ಉಡುಗುವಾಗ ಅದು ಆಕೆಯ ಬೆನ್ನಿಗೆ ತಾಗಿತು. ಮುದುಕಿಗೆ ಸಿಟ್ಟು ಬಂದು ಕಸಬರಿಗೆಯಿಂದ ಒಂದು ಬಿಟ್ಟಳು. ಮುಗಿಲು ಮುನಿಸಿಕೊಂಡು ಮೇಲೆ ಹೋಯಿತು, ಯಾರ ಕೈಗೂ ಸಿಗದಷ್ಟು ಮೇಲೆ. "ಅವತ್ತಿಂದ ಅದಕ್ಕ ಸಮಾಧಾನ ಹೇಳಾಕ ಒಬ್ಬನ ಹುಟ್ಯಾನ," ಅಂತ ಅಜ್ಜಿ ಮುಗಿಸುತ್ತಿದ್ದಳು. "ನಮ್ಮ ದೇವಪ್ಪ. ಜಿಗದಾಗೊಮ್ಮೆ ಅದರ ಗಲ್ಲ ಮುಟ್ಟಿ ಬರತಾನ."

ದ್ರಾಕ್ಷಾಯಿಣಿಗೆ ಈಗ ಇಪ್ಪತ್ತಮೂರು. ಕಥೆ ಅಂತ ಗೊತ್ತು. ಆದರೂ ಮೋಡ ಕೆಳಗಿಳಿದ ದಿನ ಆಕೆಗೆ ದೇವಪ್ಪನ ಅಂಗೈ ನೆನಪಾಗುತ್ತಿತ್ತು.

ಹನ್ನೊಂದು ಗಂಟೆಗೆ ಲಚ್ಚಪ್ಪ ಬಂದ. ಗೌಂಡಿ ಕೆಲಸದ ಮೇಸ್ತ್ರಿ, ದೇವಪ್ಪ ಅಭಿಮಾನಿ ಬಳಗದ ಅಧ್ಯಕ್ಷ. ಹಿಂದೆಯೇ ನಳದ ಕೆಲಸದ ಬಾಳು, ಬಳಗದ ಕಾರ್ಯದರ್ಶಿ. ಇಬ್ಬರೂ ಕಂಪ್ಯೂಟರಿಗೆ ಮೂಗು ತಾಗುವಷ್ಟು ಬಗ್ಗಿ ನೋಡಿದರು.

"ತಲಿ ಎಲ್ಲಿ ಹೋತ ತಂಗಿ?" ಅಂದ ಲಚ್ಚಪ್ಪ.

"ನಿಮ್ಮನ್ನ ಕೇಳಬೇಕ್ರಿ ಕಾಕಾ. ಇದು ನೀವ ಕಳಿಸಿದ ಫೋಟೋ. ನಿಮ್ಮ ಮೀಸಿ ಎಷ್ಟ ಚಂದ ಬಂದೈತಿ ನೋಡ್ರಿ."

ಲಚ್ಚಪ್ಪ ಮೀಸೆ ನೋಡಿದ. ಖರೆಯೇ ಚಂದ ಬಂದಿತ್ತು. "ಇರಲಿ ಬಿಡು. ದೇವಪ್ಪಂದು ಆಧಾರ ಕಾರ್ಡಿನ ಫೋಟೋ ಹಾಕು, ಮುಖ ಅಷ್ಟ ಸಾಕು. ಕೆಳಗ ಇವರದೆಲ್ಲಾ ಬರಬೇಕು." ಅಂದು ಒಂದು ಚೀಟಿ ಇಟ್ಟ.

ಚೀಟಿಯಲ್ಲಿ 'ಶೋಕತಪ್ತರು' ಅಂತ ಬರೆದು ಹತ್ತೊಂಬತ್ತು ಹೆಸರಿದ್ದವು. ಎಲ್ಲರ ಮುಖವೂ ದುಂಡಗೆ ಕತ್ತರಿಸಿ ಸಾಲಾಗಿ ಬರಬೇಕು.

"ಹತ್ತೊಂಬತ್ತ ಮಂದಿ ನಿಂತರ ಆತ ಎಲ್ಲಿ ನಿಲ್ಲಬೇಕ್ರಿ? ಆತನ ಉದ್ದಾನ ಆತಗ ಬ್ಯಾಡೇನ್ರಿ?"

"ಉದ್ದ ಎಲ್ಲಾರಿಗೂ ಗೊತ್ತೈತಿ, ಅದನ್ನ ತೋರಸೂದೇನೈತಿ? ಯಾರ್‍ಯಾರಿಗೆ ಎಷ್ಟ ದುಃಖ ಆಗೇತಿ ಅನ್ನೂದು ಗೊತ್ತಾಗಬೇಕು. ಮಡಗಾಂವ್ ಮ್ಯಾಚಿನಾಗ ಕಡೀ ಬಾಲ್ ಹಾಕೂಕಿಂತ ಮೊದಲ ದೇವಪ್ಪ ಯಾರ ಕಡೆ ನೋಡಿದ? ನನ್ನ ಕಡೆ!"

"ಕಾಕಾ, ಸುಳ್ಳ ಹೇಳಬ್ಯಾಡ್ರಿ," ಅಂದ ಬಾಳು. "ನೀವು ಅವಾಗ ಭಜಿ ತರಾಕ ಹೋಗಿದ್ರಿ. ಆತ ನೋಡಿದ್ದು ನನ್ನ ಕಡೆ. ಕಣ್ಣ ಹೊಡದ."

"ನಿನಗ? ನೀ ಅವಾಗ ಅರ್ಧ ಚಡ್ಡಿ!"

"ಚಡ್ಡಿ ಹಾಕ್ಕೊಂಡವರಿಗೆ ಕಣ್ಣ ಹೊಡೀಬಾರದ್ರೇನು?"

ರಾಜಮಹ್ಮದ ಶಾಯಿಯ ಡಬ್ಬಿ ಅಲುಗಿಸುತ್ತ ನಕ್ಕ. ದ್ರಾಕ್ಷಾಯಿಣಿಗೆ ನಗು ಬರಲಿಲ್ಲ. ಆ ಪಂದ್ಯದ ಬಗ್ಗೆ ಓಣಿಯಲ್ಲಿ ಮೂವತ್ತು ಮಂದಿಯನ್ನು ಕೇಳಿದ್ದಳು. ಮೂವತ್ತೂ ಮಂದಿಯ ಕಡೆ ದೇವಪ್ಪ ನೋಡಿದ್ದ. ಇಷ್ಟು ಜನರ ಕಡೆ ನೋಡುತ್ತ ಕೂತವನು ಬುಟ್ಟಿಯ ಕಡೆ ನೋಡಿದ್ದು ಯಾವಾಗ?

ಮಧ್ಯಾಹ್ನದ ಹೊತ್ತಿಗೆ ಹತ್ತೊಂಬತ್ತು ಇಪ್ಪತ್ತಾರಾಯಿತು. ಲಚ್ಚಪ್ಪನ ಮುಖ ಉಳಿದವರಿಗಿಂತ ದೊಡ್ಡದಿರಬೇಕು, ಕಿವಿಗೆ ಮೊಬೈಲ್ ಹಿಡಿದ ಫೋಟೋನೇ ಆಗಬೇಕು. ಕಾರ್ಯದರ್ಶಿಯದು ಕಪ್ಪು ಕನ್ನಡಕದ್ದು. ಮೂರು ಗಂಟೆಗೆ ಮೂವತ್ತೆಂಟು. ತಮ್ಮನ ಮುಖ ಬಂದು ಅಣ್ಣನದು ಬರದಿದ್ದರೆ ಮನೆಯಲ್ಲಿ ಜಗಳ. ಅಣ್ಣನದು ಬಂದರೆ ಅಳಿಯನದು ಯಾಕಿಲ್ಲ? ಒಂದೊಂದು ಮುಖ ಏರಿದಂತೆ ದೇವಪ್ಪನಿಗೆ ಬಿಟ್ಟ ಜಾಗ ಇಳಿಯುತ್ತ ಹೋಯಿತು. ಮೊದಲು ಸೊಂಟದ ತನಕ, ಆಮೇಲೆ ಎದೆಯ ತನಕ. ಸಂಜೆಗೆ ನಲವತ್ತಮೂರು ಮುಖ ಸೇರಿ, ಆತ ಫ್ಲೆಕ್ಸಿನ ನೆತ್ತಿಯಲ್ಲೊಂದು ದೀಪದ ಚಿತ್ರದ ಪಕ್ಕ ಊಟದ ತಾಟಿನಷ್ಟಾಗಿದ್ದ.

"ಜಿಂದಗಿ ತುಂಬ ಬಗ್ಗಿದ್ದು ಸಾಲಲಿಲ್ಲಾಂತ ಈಗ ಕತ್ತರಿಸಿ ಸಣ್ಣ ಮಾಡಾಕತ್ತಾರ," ಅಂದಳು ದ್ರಾಕ್ಷಾಯಿಣಿ.

"ನೀ ಒಂದ ಪೂರಾ ಫೋಟೋ ಹುಡುಕಿ ಕೊಡು," ಅಂದ ರಾಜಮಹ್ಮದ. "ನಾನ ಲಚ್ಚಪ್ಪಗ ಹೇಳತೇನಿ. ಬೆಳಕಿನಾಗ ನಿಂತ ಒಂದ ಚಲೋ ಫೋಟೋ ತೋರಿಸಿದರ ಯಾರೂ ಬ್ಯಾಡ ಅನ್ನೂದಿಲ್ಲ. ಇಲ್ಲದಿದ್ದರ ನಾಳೆ ಮುಂಜಾನೆ ಇದನ್ನ ಮಷಿನ್ನಿಗೆ ಹಾಕತೇನಿ."

ಮನೆಗೆ ಹೋಗುವ ಬಸ್ಸಿನಲ್ಲಿ, ಕಿಟಕಿಗೆ ತಲೆಯಿಟ್ಟು ಕೂತಾಗ, ಆಕೆಗೆ ಅದು ನೆನಪಾಯಿತು. ಒಂದು ಪೂರಾ ಫೋಟೋ ಇತ್ತು!

ಓಣಿಗೆ ಬಂದಾಗ ಫಕೀರವ್ವ ಬಾಗಿಲಲ್ಲಿ ಕಾಲು ಚಾಚಿ ಕೂತು ಎಲೆಗೆ ಸುಣ್ಣ ಹಚ್ಚುತ್ತಿದ್ದಳು. ಮೈದಾನದಿಂದ ಬರುವಾಗ ದೇವಪ್ಪ ಈ ಬಾಗಿಲಲ್ಲಿ ಬಗ್ಗಿ "ಫಕೀರವ್ವಾ, ಚಾ ಐತೇನು?" ಅನ್ನುತ್ತಿದ್ದ.

"ಆಯಿ, ನಾ ಸಾಲ್ಯಾಗ ಎಂಟನೇತ್ತ ಇದ್ದಾಗ ದೇವಪ್ಪ ಮಾಮಾಂದು ನೀ ಒಂದ ಫೋಟೋ ತಗದಿದ್ದಿ. ನೆನಪೈತೇನು?"

"ನೆನಪಿಲ್ಲದ ಏನು? ನೀ ಕೈಯಾಗ ಮೊಬೈಲ್ ತುರುಕಿದಿ. ನನಗ ನಿಂದ್ರಾಕ ಆಗಲಿಲ್ಲ, ನೆಲದ ಮ್ಯಾಲ ಕುಂತ ಒತ್ತಿದೆ."

ಅಷ್ಟೇ. ನೆಲದ ಮೇಲೆ ಕೂತು, ಮೊಬೈಲನ್ನು ಮುಗಿಲಿಗೆ ಹಿಡಿದು ಒತ್ತಿದ್ದಳು. ಅದಕ್ಕೇ ದೇವಪ್ಪ ಪೂರಾ ಬಂದಿದ್ದ. ಕಾಲ ಬೂಟಿನಿಂದ ರಿಂಗಿನತ್ತ ಚಾಚಿದ ಬೆರಳಿನ ತನಕ, ಮೇಲೊಂದು ತುಂಡು ಮುಗಿಲೂ ಇತ್ತು. ಪಕ್ಕದಲ್ಲಿ ನಿಂತ ದ್ರಾಕ್ಷಾಯಿಣಿಯದು ಒಂದು ಮೊಣಕೈ, ಒಂದು ಜಡೆಯ ತುದಿ, ಕೆಂಪು ರಿಬ್ಬನ್ ಬಂದಿತ್ತು.

"ಆಮ್ಯಾಲ ಏನ ಮಾಡಿದಿ?" ಅಂದಳು ಫಕೀರವ್ವ, ಎಲೆ ಮಡಚುತ್ತ. "ನನ್ನ ಮುಖಾನ ಇಲ್ಲಲ್ಲ ಇದರಾಗ ಅಂತ ಓಣಿ ಕೇಳೂಹಂಗ ಅತ್ತಿ. ಉಣಲಿಲ್ಲ. ನನ್ನ ಕೂಡ ಎರಡ ದಿನ ಮಾತಾಡಲಿಲ್ಲ."

ಆ ಫೋಟೋ ಅಳಿಸಿಹಾಕಿದ್ದು ದ್ರಾಕ್ಷಾಯಿಣಿಯೇ. ಸಿಟ್ಟಿನಲ್ಲಿ, ಹೆಬ್ಬೆರಳಿನಿಂದ, ಅಜ್ಜಿಗೆ ಕಾಣುವ ಹಾಗೆ. ಆ ಹಳೆಯ ಮೊಬೈಲೂ ಅದೇ ಮಳೆಗಾಲದಲ್ಲಿ ನೀರು ಕುಡಿದು ಸತ್ತಿತ್ತು. ಆದರೂ ದ್ರಾಕ್ಷಾಯಿಣಿ ಟ್ರಂಕಿನ ತಳದಿಂದ ಅದನ್ನು ಹುಡುಕಿ ತೆಗೆದಳು. ಮರುದಿನ ಬೆಳಗ್ಗೆ ಶುಕ್ರವಾರದ ಸಂತೆಯ ನೂಕುನುಗ್ಗಲಿನಲ್ಲಿ ಮೊಬೈಲ್ ರಿಪೇರಿಯವನ ಮುಂದೆ ಇಟ್ಟಳು. ಆತ ಅದನ್ನು ತಿರುಗಿಸಿ ನೋಡಿ, ಕಿವಿಯ ಹತ್ತಿರ ಅಲುಗಿಸಿ, ವಾಪಸು ಕೊಟ್ಟ.

"ಇದರೊಳಗ ಈಗ ಇರುವಿ ಬಿಟ್ಟರ ಏನೂ ಇಲ್ಲ ಅಕ್ಕಾ."

ಅಂಗಡಿಗೆ ಬರುವಷ್ಟರಲ್ಲಿ ಮಷಿನ್ನು ಓಡುತ್ತಿತ್ತು. ಗೀಂಯ್ ಗೀಂಯ್ ಅನ್ನುತ್ತ ಬಿಳಿ ಹಾಳೆಯ ಮೇಲೆ ಮೊದಲು ದೇವಪ್ಪನ ತಾಟಿನಷ್ಟು ಮುಖ ಇಳಿಯಿತು. ಆಧಾರ ಕಾರ್ಡಿನಲ್ಲಿ ಯಾರಿಗಾದರೂ ಇರುವಂಥ, ಕಳ್ಳತನದಲ್ಲಿ ಸಿಕ್ಕಿಬಿದ್ದಂಥ ಮುಖ. ಅದರ ಹಿಂದೆ ಅಭಿಮಾನಿಗಳು ಸಾಲು ಸಾಲಾಗಿ ಇಳಿದರು, ಜಾತ್ರೆಗೆ ಹೊರಟವರ ಹಾಗೆ.

ರವಿವಾರ ಸಂಜೆ ನಾಲ್ಕಕ್ಕೇ ಮೈದಾನ ತುಂಬಿತು. ಬಾಳು ಏಣಿ ಹತ್ತಿ ರಿಂಗಿನ ಕಂಬಕ್ಕೆ ಫ್ಲೆಕ್ಸ್ ಕಟ್ಟಿದ. ನೆತ್ತಿಯ ದೇವಪ್ಪ ಹೆಚ್ಚುಕಡಿಮೆ ರಿಂಗಿನ ಎತ್ತರಕ್ಕೆ ಹೋದ. ಜನ ಬಂದು ಬಂದು ತಮ್ಮ ತಮ್ಮ ಮುಖ ಹುಡುಕಿಕೊಂಡರು. "ನಂದ ಎಲ್ಲಿ ಐತಿ?" "ಮೂರನೇ ಸಾಲಿನಾಗ ನೋಡು, ಹಲ್ಲ ಕಾಣತಾವಲ್ಲ." ಒಬ್ಬ ತನ್ನ ಹೆಸರಿನ ಕೆಳಗೆ ಭಾವನ ಮುಖ ಬಂದದ್ದಕ್ಕೆ ದ್ರಾಕ್ಷಾಯಿಣಿಯ ಜೊತೆ ಜಗಳಕ್ಕೇ ನಿಂತ. ಮಾತಾಡಿದವರೆಲ್ಲ ಅತ್ತರು. ಸುಳ್ಳು ಅಳುವಲ್ಲ, ಅದನ್ನು ಆಕೆ ನೋಡಿದಳು. ಲಚ್ಚಪ್ಪ ಎರಡು ಸಲ ಮೂಗೊರೆಸಿದ ಸದ್ದು ಮೈಕಿನಲ್ಲಿ ಕೇಳಿತು. ಆದರೆ ಎರಡೂ ಸಲ ಮಾತು ಮಡಗಾಂವಿಗೇ ಹೋಯಿತು, ದೇವಪ್ಪ ಆತನ ಕಡೆ ನೋಡಿದಲ್ಲಿಗೇ ಹೋಯಿತು.

ಆಕೆ ಸಾಕಾಗಿ ಹೋಗಿ ಅಜ್ಜಿಯ ಪಕ್ಕ ಕೆಂಪು ಮಣ್ಣಿನಲ್ಲಿ ಕೂತಳು.

"ಆಯಿ, ನಮ್ಮ ಫೋಟೋದಾಗ ಆತನ ಮುಖ ಹ್ಯಾಂಗ ಇತ್ತು? ನಗತಿದ್ದನೇನು?"

"ನನಗೆಲ್ಲಿ ಕಂಡೀತ ಯವ್ವಾ? ಅವಾಗ್ಲೇ ಕಣ್ಣಿನಾಗ ಪೊರಿ ಬಂದಿತ್ತು. ಉದ್ದಕ ಕರ್ರಗ ಕಾಣಿಸಿದ ಕಡೆ ಒತ್ತಿದೆ." ಫಕೀರವ್ವ ಮೊಮ್ಮಗಳ ಕಡೆ ತಿರುಗಿದಳು. "ನೀ ನೋಡಿದ್ದೀ ಅಲ್ಲ? ನೀನ ಹೇಳು."

ದ್ರಾಕ್ಷಾಯಿಣಿ ನೆನಪು ಮಾಡಿಕೊಂಡಳು. ಬೂಟು ನೆನಪಿತ್ತು. ಬೆರಳು ನೆನಪಿತ್ತು. ರಿಬ್ಬನ್ನಿನ ಗಂಟು ಸಡಿಲಾಗಿದ್ದದ್ದೂ ನೆನಪಿತ್ತು.

"ನಾ ನಂದ ಹುಡುಕಾಕತ್ತಿದ್ದೆ," ಅಂದಳು.

ಫಕೀರವ್ವ ಬಾಯಲ್ಲಿದ್ದ ಎಲೆಯನ್ನು ಈ ಗಲ್ಲದಿಂದ ಆ ಗಲ್ಲಕ್ಕೆ ದೂಡಿದಳು.

"ಏ ದ್ರಾಕ್ಷಾ!" ಲಚ್ಚಪ್ಪ ಕೂಗಿದ. ಬಳಗದವರು ಫ್ಲೆಕ್ಸಿನ ಕೆಳಗೆ ಮೂರು ಸಾಲು ನಿಂತಾಗಿತ್ತು. ಮುಂದಿನವರು ಕುಕ್ಕರುಗಾಲಲ್ಲಿ ಕೂತು, ಹಿಂದಿನವರು ಕುತ್ತಿಗೆ ಎಳೆದು, ಎಲ್ಲರೂ ಶೋಕದ ಮುಖ ಮಾಡಿಕೊಂಡಿದ್ದರು. "ಬಾರವಾ, ನನ್ನ ಮೊಬೈಲಿನಾಗ ಒಂದ ಗ್ರೂಪ್ ಫೋಟೋ ತಗಿ. ಕೈ ಅಲುಗಿಸಬ್ಯಾಡ."

ಮೊಬೈಲು ಕೈಯಿಂದ ಕೈಗೆ ದಾಟಿ ಆಕೆಯ ತನಕ ಬಂತು. ಆಕೆ ಎದ್ದು ನಿಲ್ಲಲಿಲ್ಲ. ಕೂತಲ್ಲೇ ಇನ್ನಷ್ಟು ಹಿಂದಕ್ಕೆ ವಾಲಿ, ಮೊಬೈಲನ್ನು ಮೇಲಕ್ಕೆ ಹಿಡಿದಳು. ನಲವತ್ತಮೂರು ಮಂದಿ ಪರದೆಯ ಕೆಳಗೆ ಜಾರಿಹೋದರು. ಫ್ಲೆಕ್ಸಿನ ಮೇಲಿನ ನಲವತ್ತಮೂರೂ ಜಾರಿಹೋದವು. ಉಳಿದದ್ದು ರಿಂಗು, ರಿಂಗಿನ ಪಕ್ಕ ದೇವಪ್ಪ, ಮೇಲೆ ಮುಗಿಲು. ಆಕೆ ಒತ್ತಿದಳು. ಪರದೆಯನ್ನು ಮುಖದ ಹತ್ತಿರ ತಂದಳು. ಕಳ್ಳತನದ ಮುಖವೇನಲ್ಲ ಅದು. ಚೌಕಟ್ಟಿನಲ್ಲಿ ತಲೆ ಹಿಡಿಸಲೆಂದು ಅಲ್ಲೂ ಗದ್ದವನ್ನು ಎದೆಗೆ ಒತ್ತಿ ಕೂತಿದ್ದ ಮನುಷ್ಯ. ಎಡಗಣ್ಣು ಬಲಗಣ್ಣಿಗಿಂತ ಸಣ್ಣದು. ತುಟಿಯ ಒಂದು ಮೂಲೆಯಲ್ಲಿ ತಡೆದ ನಗು.

"ಆತೇನ? ತಾ ಇಲ್ಲಿ," ಅಂದು ಲಚ್ಚಪ್ಪ ಬಂದು ಇಸಿದುಕೊಂಡ. ನೋಡಿದ. ಹುಬ್ಬು ಗಂಟಿಕ್ಕಿದ. ಬೆರಳಿಂದ ಕೆಳಗೆ ಎಳೆದು ನೋಡಿದ, ಇನ್ನೂ ಕೆಳಗೆ ಏನಾದರೂ ಇದ್ದೀತು ಅಂತ.

"ಏನವಾ ಇದು! ನಮ್ಮ ಮುಖಾನ ಇಲ್ಲಲ್ಲ ಇದರಾಗ!"

ಫಕೀರವ್ವ ಕಿಸಕ್ಕನೆ ನಕ್ಕಳು.

ಲಚ್ಚಪ್ಪ ಹೆಬ್ಬೆರಳಿನಿಂದ ಅದನ್ನು ಅಳಿಸಿ, ಮೊಬೈಲನ್ನು ಮತ್ತೆ ಆಕೆಯ ಕೈಗೆ ಕೊಟ್ಟ. "ಎದ್ದ ನಿಂತ ತಗಿ. ಎಲ್ಲಾರೂ ಬರಬೇಕು."

ದ್ರಾಕ್ಷಾಯಿಣಿ ಎದ್ದಳು, ಲಂಗದ ಮಣ್ಣು ಕೊಡವಿದಳು, ನಿಂತು ತೆಗೆದಳು. ಎಲ್ಲರೂ ಬಂದರು. ಮೊದಲಿನದು ಹೋಗಿತ್ತು. ಆದರೆ ಈ ಸಲ, ಹೋಗುವುದಕ್ಕಿಂತ ಮೊದಲು, ಆಕೆ ನೋಡಿದ್ದಳು.