ರಾಣಿವಾಸದ ತೊಟ್ಟಿಲು

“ಮುಟ್ಟಬೇಡಿ ಸಾರ್, ಹಗ್ಗದಿಂದ ಈಚೆ ನಿಂತ್ಕೊಳ್ಳಿ,” ಎಂದು ಗೈಡ್ ಮತ್ತೆ ಹೇಳಿದ. ಬಡಗಿ ಕೈ ಹಿಂದಕ್ಕೆ ತೆಗೆಯಲಿಲ್ಲ. ಅರಮನೆಯ ರಾಣಿವಾಸದಲ್ಲಿ ಬೆಳ್ಳಿಯ ತಗಡು ಹೊದಿಸಿದ ತೊಟ್ಟಿಲೊಂದು ಸರಪಳಿಗಳಿಂದ ತೂಗುಬಿದ್ದಿತ್ತು. ಅದರ ಅಂಚನ್ನು ಅವನು ಬೆರಳ ತುದಿಯಿಂದ ಸವರುತ್ತಿದ್ದ.

ಅವನ ಹೆಂಡತಿ ಬಾಗಿಲಲ್ಲೇ ನಿಂತುಬಿಟ್ಟಳು. ಈ ಪ್ರವಾಸಕ್ಕೆ ಬರಲು ಅವಳಿಗೆ ಮನಸ್ಸೇ ಇರಲಿಲ್ಲ. “ಗೋಡೆ ನೋಡ್ಕೊಂಡು ಎಷ್ಟು ದಿನ ಅಂತ ಕೂರ್ತೀಯೆ? ಕೋಟೆ, ಅರಮನೆ ಅಂತ ನಾಲ್ಕು ಕಡೆ ಓಡಾಡಿದ್ರೆ ಜೀವಕ್ಕೆ ಗಾಳಿಯಾದ್ರೂ ಆಡುತ್ತೆ,” ಎಂದು ಅವಳ ಅಕ್ಕ ಗಂಟುಬಿದ್ದು ಇಬ್ಬರನ್ನೂ ತಮ್ಮ ಜೊತೆ ಬಸ್ಸು ಹತ್ತಿಸಿದ್ದಳು.

ಕಳೆದ ವರ್ಷ ಅವರ ಮಗಳು ತೀರಿಕೊಂಡಿದ್ದಳು. ಇನ್ನೂ ಅಂಬೆಗಾಲು ಕೂಡ ಇಟ್ಟಿರಲಿಲ್ಲ. ಜ್ವರ ಬಂತು, ಹೋದಳು. ಅವಳಿಗೆಂದು ಬಡಗಿ ಕೈಯಾರೆ ತೊಟ್ಟಿಲು ಮಾಡಿದ್ದ. ಮಗು ಹೋದ ಮೇಲೆ ತವರಿಗೆ ಹೋಗಿದ್ದ ಹೆಂಡತಿ ಮರಳಿ ಬಂದಾಗ ಆ ಮೂಲೆ ಬರಿದಾಗಿತ್ತು. ಎಲ್ಲಿ ಎಂದು ಕೇಳಿದರೆ, “ಮುರಿದು ಹಾಕ್ದೆ,” ಎಂದಿದ್ದ, ಮುಖ ಎತ್ತದೆ. ಆವತ್ತಿನಿಂದ ಅವಳ ಪಾಲಿಗೆ ಅವನು ಕಲ್ಲು. ಊಟ ಬಡಿಸುತ್ತಿದ್ದಳು, ಬಟ್ಟೆ ಒಗೆಯುತ್ತಿದ್ದಳು. ಮಾತು ಮಾತ್ರ ಅಳೆದು ತೂಗಿದಂತೆ.

“ದೊಡ್ಡ ರಾಣಿಯ ಚೊಚ್ಚಲ ಮಗೂಗೆ ಅಂತ ಮಾಡಿಸಿದ್ದು. ತೂಗೋಕೇ ಒಂದು ದಂಡು ದಾಸಿಯರು!” ಎಂದ ಗೈಡ್.

“ನಮ್ಮನೇಲಿ ಆ ದಂಡು ನಾನೊಬ್ಬನೇ ಆಗಿದ್ದೆ,” ಎಂದ ಅಕ್ಕನ ಗಂಡ. ಗುಂಪು ಗೊಳ್ಳೆಂದಿತು.

“ಆ ಮಗು ಏನಾಯ್ತು?” ಬಡಗಿ ಕೇಳಿದ.

“ಯಾವ ಮಗು ಸಾರ್?”

“ಇದರಲ್ಲಿ ಮಲಗಿದ್ದು.”

ಗೈಡ್ ತಲೆ ಕೆರೆದುಕೊಂಡ. “ಪಟ್ಟಕ್ಕೆ ಬಂದೋರು ಎರಡನೇ ಮಗ ಸಾರ್. ಮೊದಲನೇದು ಉಳೀಲಿಲ್ಲ ಅನ್ಸುತ್ತೆ. ಬನ್ನಿ, ಮುಂದೆ ಆಯುಧಶಾಲೆ.”

ಗುಂಪು ಸರಿದುಹೋಯಿತು. ಬಡಗಿಯ ಭುಜಗಳು ಅಲುಗುತ್ತಿದ್ದವು. ಅವನು ಅಳುತ್ತಿದ್ದಾನೆಂದು ಅವಳಿಗೆ ತಕ್ಷಣ ಹೊಳೆಯಲಿಲ್ಲ. ಮಗಳನ್ನು ಮಣ್ಣಿಗಿಟ್ಟ ದಿನವೂ ಅಳದ ಗಂಡಸು. ಅವನು ಸರಸರನೆ ಪಕ್ಕದ ಮೆಟ್ಟಿಲು ಹತ್ತಿ ಕೋಟೆಗೋಡೆಯ ಮೇಲೆ ಹೋದ. ಅವಳೂ ಹಿಂದೆಯೇ ಹತ್ತಿದಳು.

“ನಾನು ಮುರೀಲಿಲ್ಲ ಕಣೇ,” ಎಂದ, ಅತ್ತ ತಿರುಗಿಕೊಂಡೇ. “ಕೊಡಲಿ ಎತ್ತಿದೆ, ಕೈ ಬರ್ಲಿಲ್ಲ. ಅಂಗಡಿ ಅಟ್ಟದ ಮೇಲಿದೆ. ನೋಡಿದ್ರೆ ನೀನು ತಡ್ಕೊಳ್ಳಲ್ಲ ಅಂತ ಸುಳ್ಳು ಹೇಳಿದೆ.”

“ಮತ್ತೆ ದಿನಾ ತಡವಾಗಿ ಬರ್ತಿದ್ದದ್ದು?”

“ಅದರ ಹತ್ರ ಕೂತಿರ್ತಿದ್ದೆ. ಅದರೊಳಗಿನ ಬಟ್ಟೇಲಿ ಇನ್ನೂ ಅವಳ ವಾಸನೆ ಇದೆ.”

ಅವಳಿಗೆ ಅವನನ್ನು ತಬ್ಬಿಕೊಳ್ಳಬೇಕೆನಿಸಿತು, ಅದರ ಬೆನ್ನಿಗೇ ಸಿಟ್ಟೂ ಬಂತು.

“ಒಂದು ಕುಲಾವಿಯಾದ್ರೂ ಸಿಗಲಿ ಅಂತ ಮನೆಯೆಲ್ಲ ಜಾಲಾಡಿದೀನಿ ರೀ. ಎಲ್ಲಾ ಒಗೆದು ಯಾರ್ಯಾರಿಗೋ ಕೊಟ್ಟುಬಿಟ್ಟಿದ್ರು ನಮ್ಮಮ್ಮ. ಆ ವಾಸನೆ... ನೀವೊಬ್ರೇ ಇಟ್ಕೊಂಡ್ರಾ?”

ಅವನು ಅಂಗೈಯಿಂದ ಮುಖ ಒರೆಸಿಕೊಂಡ.

ಕೆಳಗೆ ಬಸ್ಸಿನವನು ಹಾರನ್ ಒತ್ತತೊಡಗಿದ. ಮೆಟ್ಟಿಲುಗಳು ಕಡಿದಾಗಿದ್ದವು, ಸವೆದು ಜಾರುತ್ತಿದ್ದವು. ಬಡಗಿ ಮುಂದಾಗಿ ಇಳಿಯುತ್ತ, ತಿರುಗಿ ನೋಡದೆ, ಒಂದು ಕೈಯನ್ನು ಹಿಂದಕ್ಕೆ ಚಾಚಿದ. ಅವಳು ಗೋಡೆ ಹಿಡಿದುಕೊಂಡು ಇಳಿದಳು. ಕೊನೆಯ ಮೆಟ್ಟಿಲು ದಾಟುವವರೆಗೂ ಆ ಕೈ ಹಾಗೇ ಚಾಚಿಕೊಂಡಿತ್ತು.