ಹಗೇವಿನ ಕಂದೀಲು

ದಸರೆ ಮುಗಿದು ಹಿಂಗಾರಿನ ಮೋಡ ಮೂಡಿತೆಂದರೆ ಸಾಕು, ಹಿರೇಹಡಗಲಿಯ ಕೊಟ್ರಬಸಮ್ಮನ ಬಾಯಿ ಮುಚ್ಚುತ್ತಿರಲಿಲ್ಲ. ಶೇಂಗಾ ರಾಶಿಗೆ ಕೈ ಹಾಕುವ ಮುಂಚೆ ಕೋಲಿನಿಂದ ಬಡಿಯಬೇಕು. ಚಪ್ಪಲಿ ಝಾಡಿಸಿ ಮೆಟ್ಟಬೇಕು. ಗುಡುಗುವಾಗ ಗಿಡದ ಕೆಳಗೆ ನಿಂತವರಿಗೆ ಆ ದಿನ ಮನೆಯಲ್ಲಿ ರೊಟ್ಟಿ ಇಲ್ಲ. ಸೊಸೆ ಸುಮಲತಾ ಸೆರಗಿನ ಮರೆಯಲ್ಲಿ ನಗುತ್ತಿದ್ದಳು. ನಗಲಿ ಬಿಡಿ, ನಕ್ಕರೂ ಅವಳು ಚಪ್ಪಲಿ ಝಾಡಿಸಿಯೇ ಮೆಟ್ಟುತ್ತಿದ್ದಳಲ್ಲ! ಈ ಸಲವಂತೂ ಕೊಟ್ರಬಸಮ್ಮ ಮಗ ಗುರುಬಸವರಾಜನ ಬೆನ್ನು ಹತ್ತಿ ಕೊಟ್ಟೂರಿನಿಂದ ಮೂರು ಸೆಲ್ಲಿನ ಬ್ಯಾಟರಿ ದೀಪ ತರಿಸಿದ್ದಳು. ಹೊಲದಿಂದ ಬರುವಾಗ ಅವನ ಕಾಲ ಮುಂದೆ ಬೆಳಕಿರಲಿ ಎಂದು.

ಪ್ರತಿಯೊಂದಕ್ಕೂ ಕಾರಣ ಹೇಳುತ್ತಿದ್ದಳು, ಕೇಳಿದವರ ಕಿವಿ ತೂತಾಗುವಷ್ಟು. ಒಂದಕ್ಕೆ ಮಾತ್ರ ಹೇಳುತ್ತಿರಲಿಲ್ಲ. ಅದು ಅಂಗಳದ ಹಗೇವು. ನೆಲದೊಳಗೆ ಎರಡಾಳು ಆಳಕ್ಕೆ ತೋಡಿ ಜೋಳ ತುಂಬಿಡುವ ಗುಂಡಿ. ಒಬ್ಬ ಮನುಷ್ಯ ಇಳಿಯುವಷ್ಟೇ ಬಾಯಿ, ಮೇಲೊಂದು ಕಲ್ಲು ಚಪ್ಪಡಿ, ಅದರ ಮೇಲೆ ಮಣ್ಣು. ಹಿಂಗಾರು ಮಳೆಯ ನೀರು ಒಳಗಿಳಿಯುವ ಮುಂಚೆ ಹಳೆಯ ಜೋಳ ತೆಗೆದು ಒಣಗಿಸಬೇಕು. ಬಾಯಿ ತೆರೆದ ಮೇಲೆ ಹಗ್ಗಕ್ಕೆ ಕಂದೀಲು ಕಟ್ಟಿ ಇಳಿಸಿ ನೋಡಿಯೇ ಮನುಷ್ಯ ಇಳಿಯಬೇಕು. ಯಾಕೆ ಎಂದು ಮಗ ಕೇಳಿದರೆ, "ನಿಮ್ಮಪ್ಪ ಹಂಗ ಮಾಡ್ತಿದ್ದ, ನೀನೂ ಮಾಡು," ಎನ್ನುತ್ತಿದ್ದಳು.

ಮೂವತ್ತು ವರ್ಷದ ಹಿಂದೆ ಅವಳ ಮೈದುನ ಉಜ್ಜಿನಪ್ಪ, ಬಾಯಿ ತೆರೆದ ಗಳಿಗೆಯಲ್ಲೇ ಆ ಹಗೇವಿಗಿಳಿದಿದ್ದ. ಒಳಗೆ ಕಟ್ಟಿಕೊಂಡಿದ್ದ ಕೆಟ್ಟ ಗಾಳಿ ಅವನಿಗೆ ಅವ್ವಾ ಎನ್ನಲೂ ಬಿಡಲಿಲ್ಲ. ಹೆಣ ಬಿದ್ದ ಜೋಳ ಎಂದರೆ ಈ ಮನೆಯಲ್ಲಿ ಉಣ್ಣಲು ಯಾರು ಕೂರುತ್ತಾರೆ? ಅತ್ತೆಯೇ ಹೇಳಿದಳು, ಹಾವು ಕಡಿಯಿತು ಅನ್ನಿರಿ ಎಂದು. ಎಲ್ಲರೂ ಅಂದರು. ಅತ್ತೆ ಹೋದಳು, ಹೋದ ಶ್ರಾವಣದಲ್ಲಿ ಗಂಡನೂ ಹೋದ. ದಿನವಿಡೀ ಮಾತಾಡುವ ಕೊಟ್ರಬಸಮ್ಮ ಈ ಒಂದು ಮಾತನ್ನು ನುಂಗಿಕೊಂಡೇ ಇದ್ದಳು.

ದೀಪಾವಳಿಗೆ ವಾರವಿತ್ತು. ಬೆಳಿಗ್ಗೆ ಪಡುವಣಕ್ಕೆ ಮೋಡ ಕಂಡದ್ದೇ ಗುರುಬಸವರಾಜ ಅವಸರ ಮಾಡಿ ಚಪ್ಪಡಿ ಸರಿಸಿದ. ಅಪ್ಪನಿಲ್ಲದೆ ಅವನು ಹಗೇವು ತೆರೆಯುತ್ತಿದ್ದುದು ಅದೇ ಮೊದಲು. ಕೊಟ್ರಬಸಮ್ಮ ಒಲೆಯ ಮುಂದೆ ರೊಟ್ಟಿ ಬಡಿಯುತ್ತಿದ್ದಳು. ಅಲ್ಲಿಂದಲೇ ಕೂಗಿದಳು.

"ದೀಪ ಇಳಿಸಿದೇನಲೇ?"

"ಇಳಿಸೀನಿ ಬೇ! ತಳದ ತನಕ ಬೆಳಕು ಬಿದ್ದೈತಿ. ಕಾಳು ಎಣಿಸಬೌದು, ಹಂಗ ಕಾಣ್ತಾವ!"

ಸಮಾಧಾನವಾಯಿತು. ಬಡಿದ ರೊಟ್ಟಿಯನ್ನು ಹಂಚಿಗೆ ಹಾಕಿದಳು. ನೀರು ಸವರಲು ಅರಿವೆ ಹುಡುಕಿ ಗೋಡೆಯತ್ತ ತಿರುಗಿದಾಗ ಮೊಳೆಯಲ್ಲಿ ಕಂದೀಲು ನೇತಾಡುತ್ತಿತ್ತು. ಗಾಜಿನ ಮೇಲಿನ ಧೂಳನ್ನೂ ಯಾರೂ ಮುಟ್ಟಿರಲಿಲ್ಲ.

ರೊಟ್ಟಿಯನ್ನು ಹಂಚಿನ ಮೇಲೆಯೇ ಬಿಟ್ಟು ಓಡಿದಳು. ಮಗ ಆಗಲೇ ಸೊಂಟದವರೆಗೆ ಒಳಗಿದ್ದ. ಹಿಟ್ಟಿನ ಕೈಯಲ್ಲೇ ಅವನ ಕೂದಲು ಹಿಡಿದು ಜಗ್ಗಿದಳು.

"ಮ್ಯಾಲ ಬಾರಲೇ! ನಿಮ್ಮ ಕಾಕಾನ್ನ ತಿಂದಿದ್ದು ಇದಾ!"

"ಅಯ್ಯೋ, ಬಿಡಬೇ! ಕಾಕಾಗ ಹಾವು ಕಡಿದಿತ್ತಲ್ಲ?"

ಅವಳು ಬಿಡಲಿಲ್ಲ. ನೋವಿಗೆ ತಾಳಲಾರದೆ ಅವನೇ ಮೇಲೆ ಬಂದ. ಆ ಎಳೆದಾಟದಲ್ಲಿ ಹಗ್ಗ ಕೈಜಾರಿ ಅದರ ತುದಿಯ ಬ್ಯಾಟರಿ ಜೋಳದ ಮೇಲೆ ಬಿತ್ತು. ಬಿದ್ದಲ್ಲೇ ಉರಿಯುತ್ತಿತ್ತು.

ಸುಮಲತಾ ಕಂದೀಲು ಹಚ್ಚಿ ತಂದಳು. ಬೇರೆ ಹಗ್ಗಕ್ಕೆ ಕಟ್ಟಿ ಇಳಿಬಿಟ್ಟರು. ಒಂದಾಳು ಆಳಕ್ಕೂ ಹೋಗಲಿಲ್ಲ, ಕೆಟ್ಟ ಗಾಳಿಗೆ ಬತ್ತಿ ಕುಗ್ಗಿ ಆರಿಹೋಯಿತು. ಗುರುಬಸವರಾಜ ನಂಬದೆ ಮತ್ತೆ ಹಚ್ಚಿ ಇಳಿಸಿದ. ಅದೇ ಜಾಗದಲ್ಲಿ ಮತ್ತೆ ಆರಿತು. ಅದರ ಕೆಳಗೆ ಹೊಸ ಬ್ಯಾಟರಿ ತನಗೇನೂ ಆಗಿಲ್ಲವೆಂಬಂತೆ ಬೆಳಗುತ್ತಲೇ ಇತ್ತು.

ಅವನು ಕಟ್ಟೆಯ ಮೇಲೆ ಕುಸಿದು ಕೂತ.

"ಕಾಕಾಗ ಹಾವು ಕಡೀತು ಅಂತಿದ್ರಿ. ಒಳಗ ಹಾವು ಐತೇನಂತ ನೋಡಾಕ ದೀಪ ಇಳಸ್ತಾರ ಅಂತ ತಿಳ್ಕೊಂಡಿದ್ನೆಬೇ. ಹಾವು ನೋಡಾಕ ಕಂದೀಲಿಗಿಂತ ಬ್ಯಾಟ್ರಿ ಚಲೋ ಅಲ್ಲೇನು?"

ಕೊಟ್ರಬಸಮ್ಮ ಅವನ ಪಕ್ಕದಲ್ಲೇ ಕೂತಳು. ಮಗ ತಪ್ಪು ಮಾಡಿರಲಿಲ್ಲ, ಹೇಳಿಕೊಟ್ಟದ್ದನ್ನು ನಂಬಿದ್ದ. ಅಡುಗೆಮನೆಯಿಂದ ರೊಟ್ಟಿ ಸೀದ ವಾಸನೆ ಬರುತ್ತಿತ್ತು, ಯಾರೂ ಏಳಲಿಲ್ಲ.

ಗದ್ದಲ ಕೇಳಿ ಪಕ್ಕದ ಮನೆಯ ಅನ್ನದಾನಮ್ಮ ಗೋಡೆಯ ಮೇಲಿಂದ ಇಣುಕಿದಳು. ಅವಳ ಹಿಂದೆ ಇನ್ನೂ ಇಬ್ಬರು ಹೆಂಗಸರು ನಿಂತಿದ್ದರು.

"ಏನಾತಬೇ ಕೊಟ್ರಬಸಕ್ಕ? ಹಾವು ಬಂದಿತ್ತೇನು?"

ಕೊಟ್ರಬಸಮ್ಮ ಹಿಟ್ಟಿನ ಕೈಯನ್ನು ಸೆರಗಿಗೆ ಒರೆಸಿಕೊಂಡಳು. ಮಗನನ್ನೊಮ್ಮೆ ನೋಡಿದಳು, ಸೊಸೆಯನ್ನು ನೋಡಿದಳು. ಆಮೇಲೆ ಗೋಡೆಯಾಚೆಗೂ ಕೇಳುವಂತೆ ದನಿ ಎತ್ತಿ ಹೇಳಿದಳು.

"ಹಾವಲ್ಲ ಅನ್ನದಾನಮ್ಮ. ಆವತ್ತೂ ಹಾವಲ್ಲ."